ಬಚ್ಚಲುಮನೆಯ ಶುಚಿತ್ವವೂ ಶರಣಧರ್ಮವೂ

(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ನಡೆದ ಉಪನ್ಯಾಸದ ಪಾಠ)

 

ಇಂಥ ಮಂಗಳ ಸಮಾರಂಭದಲ್ಲಿ ಷಟ್‌ಸ್ಥಲ, ಅಷ್ಟಾವರಣ, ಪಂಚಾಚಾರ ಮೊದಲಾದ ಘನವಿಷಯಗಳನ್ನು ಕುರಿತು ಉಪನ್ಯಾಸಗಳು ನಡೆಯುವುದು ರೂಢಿ. ಅಂಥ ಪೀಠದ ಮುಂದೆ ಬಚ್ಚಲುಮನೆಯನ್ನು ತೊಳೆಯುವ ವಿಚಾರವನ್ನೆತ್ತುವುದು ಕೆಲವರಿಗೆ ಅನುಚಿತವೆಂದು ತೋರಬಹುದು. ಆದರೆ ಲಿಂಗವಂತನ ದಿನಚರಿಯು ಆರಂಭವಾಗುವುದೆಲ್ಲಿ? ಪೂಜಾಗೃಹದಲ್ಲೆಂದು ಥಟ್ಟನೆ ಉತ್ತರ ಬರುವುದು. ವಿಚಾರಿಸಿ ನೋಡಿದರೆ ಅದು ಬಚ್ಚಲುಮನೆಯಲ್ಲಿ ಆರಂಭವಾಗುವುದು. ಪ್ರಾತಃಕಾಲದಲ್ಲೆದ್ದು ಮುಖಮಜ್ಜನ ಸ್ನಾನಾದಿಗಳನ್ನು ತೀರಿಸಿ, ವಿಭೂತಿಯನ್ನು ಧರಿಸಿ, ಇಷ್ಟಲಿಂಗವನ್ನು ಕರಸ್ಥಲಕ್ಕೆ ಬಿಜಯಂಗೈಸುವ ಭಕ್ತನು ಪೂಜೆಯ ಮಣೆಗೆ ಬರುವ ಮುನ್ನ ಬಚ್ಚಲಿನ ಹೊಸ್ತಿಲನ್ನು ದಾಟಿಯೇ ಬಂದಿರುವನು. ಆ ಸ್ಥಳವು ಪಾಚಿಗಟ್ಟಿ, ನಾರಿ, ಸೊಳ್ಳೆಗಳಿಗೆ ತವರಾಗಿದ್ದರೆ, ಅಲ್ಲಿ ಮಿಂದು ಬಂದ ಶುಚಿಯು ಎಷ್ಟರ ಶುಚಿ? ಪೂಜೆಯ ಮನೆಗೆ ಬೆಳ್ಳಿಯ ದೀಪಗಳನ್ನು ತರುವ ಗೃಹಸ್ಥನು ಬಚ್ಚಲಿನ ಕಡೆ ಕಣ್ಣೆತ್ತಿಯೂ ನೋಡದಿದ್ದರೆ ಅವನ ಆಚಾರವು ಅರ್ಧವೇ ಆಯಿತು.

ಇಲ್ಲಿ ಮೊದಲು ತಿಳಿಯತಕ್ಕ ಸಂಗತಿಯೊಂದುಂಟು. ಅದು ಕೊಳೆಗೂ ಸೂತಕಕ್ಕೂ ಇರುವ ಭೇದ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳು ಲಿಂಗಾಂಗಿಗೆ ಇಲ್ಲವೆಂಬುದು ಶರಣರ ನಿರ್ಣಯ. ಹುಟ್ಟಿದ ಮನೆಯೂ ಸತ್ತ ಮನೆಯೂ ಅವರಿಗೆ ಮೈಲಿಗೆಯಾಗಲಿಲ್ಲ. ಹುಟ್ಟಿನ ಕುಲದಿಂದ ಯಾವ ಮನುಷ್ಯನೂ ಮೈಲಿಗೆಯಾಗಲಿಲ್ಲ. ಆದರೆ ಸೂತಕವನ್ನು ಕಳೆದ ಶರಣರು ಕೊಳೆಯನ್ನು ಇಟ್ಟುಕೊಳ್ಳಿರೆಂದು ಎಲ್ಲಿಯೂ ಹೇಳಲಿಲ್ಲ. ಕೊಳೆಯು ಕಣ್ಣಿಗೆ ಕಾಣುವುದು, ಮೂಗಿಗೆ ತಿಳಿಯುವುದು, ಮೈಗೆ ರೋಗವನ್ನು ತರುವುದು. ನೀರು, ಕಸಬರಿಗೆ, ತೋಳಿನ ಬಲ ಇವುಗಳಿಂದ ಹೋಗುವುದು. ಸೂತಕವಾದರೋ ಮನಸ್ಸು ಕಲ್ಪಿಸಿಕೊಂಡದ್ದು. ಎಷ್ಟು ಕೊಡ ನೀರು ಸುರಿದರೂ ಅದು ಹೋಗದು, ಅರಿವಿನಿಂದ ಮಾತ್ರ ಹೋಗುವುದು.

ಲೋಕದ ನಡೆ ಇದಕ್ಕೆ ವಿಪರೀತವಾಗಿದೆ. ಜನರು ಬಚ್ಚಲಿನಲ್ಲಿ ಕೊಳೆಯನ್ನು ಉಳಿಸಿಕೊಂಡು, ಅದನ್ನು ತೊಳೆಯುವವರ ಮೇಲೆ ಸೂತಕವನ್ನು ಹೊರಿಸುವರು. ಮಾಡಿದವನು ಶುಚಿ, ತೊಳೆದವನು ಅಶುಚಿ ಎಂಬ ಈ ಲೆಕ್ಕವು ಯಾವ ನ್ಯಾಯಕ್ಕೂ ಒಪ್ಪತಕ್ಕುದಲ್ಲ. ಹನ್ನೆರಡನೆಯ ಶತಮಾನದಲ್ಲಿ ಶರಣರ ಬಟ್ಟೆಗಳನ್ನೊಗೆದ ಮಡಿವಾಳ ಮಾಚಯ್ಯನವರು ಶರಣಗಣದಲ್ಲಿ ಅಗ್ರಗಣ್ಯರಾದರು. ಕಸ ಗುಡಿಸುವುದನ್ನೇ ಕಾಯಕವಾಗಿ ಕೈಕೊಂಡ ಸತ್ಯಕ್ಕನವರು ವಚನಗಳನ್ನು ರಚಿಸಿದ ಶಿವಶರಣೆಯರಲ್ಲೊಬ್ಬರು. ಕೊಳೆಯನ್ನು ತೆಗೆದ ಕೈಗೆ ಕೊಳೆಯು ಅಂಟಿಕೊಂಡು ಉಳಿಯಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಇನ್ನು ಕೆಲಸದ ವಿಚಾರಕ್ಕೆ ಬರಬಹುದು.

ಬಚ್ಚಲಿನ ಮಾತು ನೀರಿನ ಮಾತಿನಿಂದಲೇ ಆರಂಭವಾಗಬೇಕು. ದುರ್ಗದ ಸೀಮೆಯಲ್ಲಿ ನೀರು ಯಾವ ಕಾಲಕ್ಕೂ ಅಗ್ಗದ ವಸ್ತುವಾಗಿರಲಿಲ್ಲ. ಚಿತ್ರದುರ್ಗದ ಕೋಟೆಯನ್ನು ನೋಡಿದವರು ಗೋಪಾಲಸ್ವಾಮಿ ಹೊಂಡವನ್ನೂ ಅಕ್ಕತಂಗಿಯರ ಹೊಂಡವನ್ನೂ ನೋಡಿರುವರು. ಬಂಡೆಯ ಮೇಲೆ ಬಿದ್ದ ಮಳೆಯ ನೀರನ್ನು ಪೋಲಾಗಗೊಡದೆ ಹಿಡಿದು, ಮೇಲಿನ ಹೊಂಡವು ತುಂಬಿದ ತರುವಾಯ ಕೆಳಗಿನದಕ್ಕೆ ಹರಿಸುವ ಜಾಣ್ಮೆ ಅಲ್ಲಿ ಕಾಣುವುದು. ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಪೂರ್ಣಗೊಂಡ ಮಾರಿಕಣಿವೆಯ ವಾಣೀವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದುದು 2022ರಲ್ಲಿ. ನಡುವೆ 89 ವರ್ಷಗಳು ಕಳೆದುಹೋದುವು. ಚಿತ್ರದುರ್ಗ ನಗರದ ನಲ್ಲಿಗಳಿಗೆ ಈ ಸಾಗರದಿಂದಲೂ ಚನ್ನಗಿರಿ ಸೀಮೆಯ ಸೂಳೆಕೆರೆಯೆನಿಸಿದ ಶಾಂತಿಸಾಗರದಿಂದಲೂ ನೀರು ಬರುವುದು. ಇಷ್ಟು ದೂರದಿಂದ, ಇಷ್ಟು ಪ್ರಯಾಸದಿಂದ ಬಂದ ನೀರನ್ನು ಹರಿಯಬಿಟ್ಟು ಬಚ್ಚಲು ತೊಳೆಯುವುದು ತೊಳೆಯುವುದಾಗದು, ಚೆಲ್ಲುವುದಾಗುವುದು. ಕೆಲಸ ಮಾಡುವುದು ಉಜ್ಜುವ ಕೈ. ಉಜ್ಜಿದ ಕೊಳೆಯನ್ನು ಒಯ್ಯುವಷ್ಟು ನೀರಿದ್ದರೆ ಸಾಕು. ಬರಿಯ ನೀರನ್ನು ಹತ್ತು ಬಕೀಟು ಸುರಿದರೂ ಹೋಗದ ಜಿಡ್ಡು, ಉಜ್ಜಿದ ಮೇಲೆ ಒಂದೇ ಬಕೀಟಿಗೆ ಹೋಗುವುದು.

ಹಿಂದಿನ ಕಾಲದ ಬಚ್ಚಲುಮನೆಯ ಚಿತ್ರವು ವೃದ್ಧರ ನೆನಪಿನಲ್ಲಿ ಇನ್ನೂ ಇರುವುದು. ಒಂದು ಮೂಲೆಯಲ್ಲಿ ನೀರೊಲೆ, ಅದರ ಮೇಲೆ ಹೂತ ತಾಮ್ರದ ಹಂಡೆ, ಪಕ್ಕದಲ್ಲಿ ತಣ್ಣೀರಿನ ತೊಟ್ಟಿ, ಮೀಯುವುದಕ್ಕೆ ಒಂದು ಚಪ್ಪಡಿ ಕಲ್ಲು, ಗೋಡೆಯ ಗೂಡಿನಲ್ಲಿ ಸೀಗೆಪುಡಿ. ಹಂಡೆಯನ್ನು ಹುಣಿಸೆಹಣ್ಣು, ಉಪ್ಪು, ಬೂದಿಗಳಿಂದ ತಿಕ್ಕಿ ಹೊಳೆಯಿಸುವರು. ಮಿಂದ ನೀರು ಕಿಂಡಿಯಿಂದ ಹೊರಗೆ ಹರಿದು ಹಿತ್ತಿಲಿನ ಬಾಳೆಗೋ ತೆಂಗಿಗೋ ಸೇರುವುದು. ಹೊಗೆಯಿಂದ ಗೋಡೆ ಕಪ್ಪಾಗುತ್ತಿದ್ದುದು, ಬೆಳಕು ಸಾಲದೆ ಇದ್ದುದು ಅದರ ದೋಷಗಳು. ಆದರೆ ನೀರು ನಿಲ್ಲದೆ ಹರಿಯುವುದು, ಗಾಳಿಯಾಡುವುದು, ದಿನವೂ ಒಣಗುವುದು ಈ ಮೂರು ಗುಣಗಳು ಅದರಲ್ಲಿದ್ದುವು. ಇಂದಿನ ಬಚ್ಚಲುಮನೆಯು ಮನೆಯ ಒಳಗೇ ಬಂದಿದೆ. ಶೌಚಗೃಹವೂ ಅದರಲ್ಲಿಯೇ ಕೂಡಿಕೊಂಡಿದೆ. ನುಣುಪಾದ ಟೈಲುಗಳು, ಹೊಳೆಯುವ ನಲ್ಲಿಗಳು, ಬಿಸಿನೀರಿನ ಗೀಜರು ಬಂದಿವೆ. ನೋಟಕ್ಕೆ ಅಂದವು ಹೆಚ್ಚಿತು. ಹಾಗೆಯೇ ಕಾಪಾಡುವ ಹೊಣೆಯೂ ಹೆಚ್ಚಿತು. ಹೊರಗಿದ್ದಾಗ ಬಿಸಿಲು ಗಾಳಿಗಳು ಪುಕ್ಕಟೆಯಾಗಿ ಮಾಡುತ್ತಿದ್ದ ಕೆಲಸವನ್ನು ಈಗ ಮನೆಯವರು ಮಾಡಬೇಕಾಗಿದೆ. ಕಿಟಕಿಯನ್ನು ತೆರೆದಿಡುವುದು, ಮಿಂದ ಮೇಲೆ ನೆಲದ ನೀರನ್ನು ತಳ್ಳಿ ಒಣಗಗೊಡುವುದು, ಇವೆರಡೇ ಅಭ್ಯಾಸಗಳು ಅರ್ಧ ಕೊಳೆಯನ್ನು ಹುಟ್ಟುವ ಮೊದಲೇ ತಡೆಯುವುವು.

ಈ ಸೀಮೆಯ ಬಚ್ಚಲುಗಳಿಗೆ ವಿಶೇಷವಾಗಿ ಅಂಟಿದ ಪೀಡೆ ಗಡಸುನೀರಿನದು. ಕೊಳವೆಬಾವಿಯ ನೀರು ನೆಲದೊಳಗಿನ ಕಲ್ಲಿನ ಪದರಗಳಲ್ಲಿ ಹಾಯ್ದು ಬರುವಾಗ ಸುಣ್ಣವೇ ಮೊದಲಾದ ಲವಣಗಳನ್ನು ಕರಗಿಸಿಕೊಂಡು ಬರುವುದು. ನೀರು ಕಾದಾಗಲೂ ಆರಿದಾಗಲೂ ಆ ಸುಣ್ಣವು ಬೇರ್ಪಟ್ಟು ಬಿಳಿಯ ಪೊರೆಯಾಗಿ ನಿಲ್ಲುವುದು. ನಲ್ಲಿಯ ಬಾಯಿಯಲ್ಲಿ, ಬಕೀಟಿನ ಅಂಚಿನಲ್ಲಿ, ಟೈಲುಗಳ ಮೇಲೆ ಕಾಣುವ ಬಿಳಿಯ ಕಲೆ ಇದೇ. ಗೀಜರಿನೊಳಗೆ ಇದು ಕಾಯಿಸುವ ಸರಳಿನ ಸುತ್ತ ಕಲ್ಲಿನಂತೆ ಕಟ್ಟಿ ವಿದ್ಯುತ್ತನ್ನು ವ್ಯರ್ಥಗೊಳಿಸುವುದು. ಸಾಬೂನು ಗಡಸುನೀರಿನೊಡನೆ ಬೆರೆತಾಗ ನೊರೆಯಾಗುವ ಮೊದಲು ಗಸಿಯಾಗಿ ಒಡೆಯುವುದು. ಗೋಡೆಯ ಮೇಲಿನ ಬೂದುಬಣ್ಣದ ಜಿಡ್ಡು ಆ ಗಸಿಯೇ. ಸೀಗೆ ಅಂಟುವಾಳಗಳ ನೊರೆಗೆ ಈ ಬಾಧೆಯಿಲ್ಲ. ಹಳೆಯ ಬಚ್ಚಲುಗಳಲ್ಲಿ ಈ ಜಿಡ್ಡು ಅಷ್ಟಾಗಿ ಕಾಣದೆ ಇದ್ದುದಕ್ಕೆ ಅದೂ ಒಂದು ಕಾರಣ.

ಬಿಳಿಯ ಕಲೆಯನ್ನು ಸಾಬೂನಿನಿಂದ ಎಷ್ಟು ತಿಕ್ಕಿದರೂ ಅದು ಜಗ್ಗದು. ಸುಣ್ಣವು ಹುಳಿಗೆ ಕರಗುವುದು. ಹಂಡೆಗೆ ಹುಣಿಸೆಹಣ್ಣು ಹಚ್ಚುತ್ತಿದ್ದ ಅಜ್ಜಿಯರ ಕೈಗೆ ಈ ಗುಟ್ಟು ತಿಳಿದಿದ್ದಿತು. ಹುಣಿಸೆಯ ರಸ, ನಿಂಬೆಯ ಹೋಳು, ಅಥವಾ ಅಂಗಡಿಯಲ್ಲಿ ದೊರೆಯುವ ವಿನಿಗರ್ ಇವುಗಳಲ್ಲಿ ಯಾವುದನ್ನಾದರೂ ಬಟ್ಟೆಯಲ್ಲಿ ಅದ್ದಿ, ನಲ್ಲಿಗೆ ಸುತ್ತಿ, ಅರ್ಧ ಗಂಟೆ ಬಿಟ್ಟು, ತೆಂಗಿನ ನಾರಿನಿಂದ ಉಜ್ಜಿ ತೊಳೆದರೆ ಕಲೆಯು ಬಿಡುವುದು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಅನೇಕ ಮನೆಗಳಲ್ಲಿ ಬಚ್ಚಲಿಗೆ ಕಡಪದ ಕಲ್ಲನ್ನು ಹಾಸಿರುವರು. ಕಡಪದ ಕಲ್ಲೂ ಅಮೃತಶಿಲೆಯೂ ಸುಣ್ಣದ ಜಾತಿಯವೇ ಆದುದರಿಂದ ಕಲೆಯನ್ನು ತಿನ್ನುವ ಹುಳಿಯು ಕಲ್ಲನ್ನೂ ತಿನ್ನುವುದು. ಹೊಳಪು ಹೋಗಿ ಮೈ ಒರಟಾಗುವುದು, ಒರಟಾದ ಮೈಯಲ್ಲಿ ಮತ್ತಷ್ಟು ಕೊಳೆ ಕೂರುವುದು. ಅಂಥ ನೆಲಕ್ಕೆ ಸಾಬೂನು ನೀರೂ ನಾರೂ ಸಾಕು. ಗ್ರಾನೈಟು ಕಲ್ಲು ಹುಳಿಗೆ ಅಷ್ಟಾಗಿ ಅಂಜುವುದಿಲ್ಲ. ಟೈಲುಗಳ ನಡುವಿನ ಸಿಮೆಂಟಿನ ಗೆರೆ ಮಾತ್ರ ಹುಳಿಗೆ ಸವೆಯುವುದು. ಅಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷನ್ನೂ ಅಡಿಗೆ ಸೋಡವನ್ನೂ ಉಪಯೋಗಿಸುವುದು ಲೇಸು. ಇವೆಲ್ಲಕ್ಕಿಂತ ಸುಲಭದ ಉಪಾಯವೆಂದರೆ, ಮಿಂದವನು ಹೊರಬರುವ ಮುನ್ನ ನಲ್ಲಿಯನ್ನು ಒಂದು ಬಟ್ಟೆಯಿಂದ ಒರಸುವುದು. ನೀರು ಆರದಿದ್ದರೆ ಕಲೆ ಕಟ್ಟದು.

ಬಿಳಿಯ ಕಲೆಯು ಅಂದವನ್ನು ಕೆಡಿಸುವುದು. ಹಸಿರು ಪಾಚಿಯಾದರೋ ಪ್ರಾಣಕ್ಕೇ ಸಂಚಕಾರ ತರುವುದು. ಮುಪ್ಪಿನವರು ಮನೆಯಲ್ಲಿ ಜಾರಿ ಬೀಳುವ ಸ್ಥಳಗಳಲ್ಲಿ ಬಚ್ಚಲೇ ಮೊದಲನೆಯದು. ಒದ್ದೆಯ ನೆಲ, ಸಾಬೂನಿನ ಜಿಡ್ಡು, ಮಸಕು ಬೆಳಕು, ನಡುಗುವ ಕಾಲು ಇವು ನಾಲ್ಕೂ ಕೂಡಿದಲ್ಲಿ ಸೊಂಟದ ಮೂಳೆ ಮುರಿಯುವುದಕ್ಕೆ ಒಂದು ಕ್ಷಣ ಸಾಕು. ಎಪ್ಪತ್ತು ದಾಟಿದ ತಂದೆಯೋ ತಾಯಿಯೋ ಹಾಗೆ ಬಿದ್ದು ಹಾಸಿಗೆ ಹಿಡಿದರೆ ಅನೇಕರು ಮತ್ತೆ ಏಳುವುದಿಲ್ಲ. ಮಾತಾಪಿತೃಗಳ ಪಾದಕ್ಕೆರಗುವ ಮಗನು ಆ ಪಾದಗಳು ದಿನವೂ ಊರುವ ನೆಲವನ್ನು ಉಜ್ಜಿಡುವುದು ಪಾದಸೇವೆಯೇ ಅಲ್ಲವೇ? ವಾರಕ್ಕೆರಡು ಸಲ ಗಟ್ಟಿಯಾದ ಕಸಬರಿಗೆಯಿಂದಲೋ ಬ್ರಷ್ಷಿನಿಂದಲೋ ನೆಲವನ್ನೂ ಗೋಡೆಯ ಬುಡವನ್ನೂ ಉಜ್ಜಿದರೆ ಪಾಚಿ ಬೇರೂರದು. ಮುದುಕರಿರುವ ಮನೆಯಲ್ಲಿ ನುಣುಪಾದ ಟೈಲಿನ ಬದಲು ಒರಟು ಮೈಯ ಟೈಲನ್ನು ಹಾಸಿಸುವುದು, ಗೋಡೆಗೆ ಕೈಹಿಡಿಯಲು ಒಂದು ಕಬ್ಬಿಣದ ಸರಳನ್ನು ಬಲವಾಗಿ ನೆಡಿಸುವುದು, ಕುಳಿತು ಮೀಯಲು ಒಂದು ಮಣೆಯನ್ನಿಡುವುದು, ರಾತ್ರಿ ಒಂದು ಚಿಕ್ಕ ದೀಪವನ್ನು ಉರಿಸಿಡುವುದು ಇವು ಹೆಚ್ಚು ಹಣದ ಕೆಲಸಗಳಲ್ಲ.

ಮುಂದಿನದು ತುಂಬಿಟ್ಟ ನೀರಿನ ವಿಚಾರ. ನಲ್ಲಿಯ ನೀರು ದಿನ ಬಿಟ್ಟು ದಿನ, ಕೆಲವೆಡೆ ವಾರಕ್ಕೊಮ್ಮೆ ಬರುವ ಊರುಗಳಲ್ಲಿ ಜನರು ತೊಟ್ಟಿ ಡ್ರಮ್ಮುಗಳಲ್ಲಿ ನೀರನ್ನು ತುಂಬಿಡುವುದು ಅನಿವಾರ್ಯ. ಆ ತುಂಬಿದ ನೀರನ್ನೇ ಡೆಂಗೀ, ಚಿಕೂನ್‌ಗುನ್ಯಾ ಜ್ವರಗಳನ್ನು ಹರಡುವ ಸೊಳ್ಳೆಯು ಹುಡುಕುವುದು. ಚರಂಡಿಯ ಕೊಚ್ಚೆಗಿಂತ ಮನೆಯೊಳಗಿನ ತಿಳಿನೀರೇ ಅದಕ್ಕೆ ಪ್ರಿಯ. 2006ರಲ್ಲಿ ಚಿತ್ರದುರ್ಗವೂ ಸೇರಿದಂತೆ ಕರ್ನಾಟಕದ ಅನೇಕ ಜಿಲ್ಲೆಗಳಲ್ಲಿ ಚಿಕೂನ್‌ಗುನ್ಯಾ ಹರಡಿ, ಮನೆಮಂದಿಯೆಲ್ಲ ಕೀಲುಗಳ ನೋವಿನಿಂದ ನರಳಿದುದನ್ನು ಜನರು ಮರೆತಿಲ್ಲ. ಈ ಸೊಳ್ಳೆಯು ನೀರಿನ ಮಟ್ಟಕ್ಕಿಂತ ತುಸು ಮೇಲೆ ತೊಟ್ಟಿಯ ಒಳಗೋಡೆಗೆ ಮೊಟ್ಟೆಯನ್ನು ಅಂಟಿಸುವುದು. ಮೊಟ್ಟೆಯು ಒಣಗಿದರೂ ಸಾಯದೆ ತಿಂಗಳುಗಟ್ಟಲೆ ಕಾದಿದ್ದು, ನೀರು ಸೋಕಿದೊಡನೆ ಒಡೆಯುವುದು. ಅದು ಮರಿಯಾಗಿ ಸೊಳ್ಳೆಯಾಗಿ ಹಾರಲು ಸುಮಾರು 8ರಿಂದ 10 ದಿನಗಳು ಬೇಕು. ಆದುದರಿಂದ ಬರಿದೇ ನೀರನ್ನು ಚೆಲ್ಲಿ ಹೊಸನೀರು ತುಂಬಿದರೆ ಪ್ರಯೋಜನವಿಲ್ಲ. ವಾರಕ್ಕೊಮ್ಮೆ ತೊಟ್ಟಿಯನ್ನು ಬರಿದು ಮಾಡಿ, ಒಳಗೋಡೆಯನ್ನು ನಾರಿನಿಂದ ಬಲವಾಗಿ ಉಜ್ಜಿ, ಒಣಗಿಸಿ, ಅನಂತರ ತುಂಬಿ ಮುಚ್ಚಳವಿಡತಕ್ಕುದು. ಒಂದು ವಾರವೆಂಬುದು ಸೊಳ್ಳೆಯ ಆಯುಷ್ಯದ ಲೆಕ್ಕದಿಂದ ಬಂದ ನಿಯಮ. ಚೆಲ್ಲುವ ನೀರಾದರೂ ವ್ಯರ್ಥವಾಗಬೇಕಿಲ್ಲ. ಅದರಿಂದಲೇ ನೆಲವನ್ನು ತೊಳೆಯಬಹುದು, ಉಳಿದುದನ್ನು ಗಿಡಗಳ ಬುಡಕ್ಕೆ ಹೊಯ್ಯಬಹುದು.

ಇನ್ನು ಬಂದ ನೀರು ಹೋಗುವ ದಾರಿ. ಬಚ್ಚಲಿನ ನೆಲವು ಕಿಂಡಿಯ ಕಡೆಗೆ ಇಳಿಜಾರಾಗಿರಬೇಕು. ಹತ್ತು ಅಡಿಗೆ ಎರಡು ಅಂಗುಲದಷ್ಟು ಇಳಿತವಿದ್ದರೆ ನೀರು ನಿಲ್ಲದೆ ಹರಿಯುವುದು. ಕಿಂಡಿಯ ಕೆಳಗೆ ಕೊಳವೆಯು ಬಳುಕಿರುವಲ್ಲಿ ಸ್ವಲ್ಪ ನೀರು ಯಾವಾಗಲೂ ನಿಂತಿರುವುದು. ಚರಂಡಿಯ ದುರ್ಗಂಧವನ್ನೂ ಜಿರಲೆಗಳನ್ನೂ ಮೇಲೆ ಬರಗೊಡದೆ ತಡೆಯುವ ಬಾಗಿಲು ಆ ನೀರೇ. ಬಹುದಿನ ಬಳಸದ ಬಚ್ಚಲು ನಾರುವುದು ಆ ನೀರು ಆರಿಹೋಗುವುದರಿಂದ. ಮನೆಯವರು ಜಾತ್ರೆಗೋ ಬಂಧುಗಳ ಊರಿಗೋ ಹೋಗಿ ಬಂದು ಮೂಗು ಮುಚ್ಚಿಕೊಳ್ಳುವ ಬದಲು ಕಿಂಡಿಗೆ ಎರಡು ತಂಬಿಗೆ ನೀರು ಹೊಯ್ದರೆ ನಾತವು ನಿಲ್ಲುವುದು. ಕಿಂಡಿಯ ಜಾಲರಿಯಲ್ಲಿ ಸಿಕ್ಕಿದ ಕೂದಲನ್ನು ದಿನವೂ ತೆಗೆದು ಕಸದಲ್ಲಿ ಹಾಕತಕ್ಕುದು. ಒಳಕ್ಕೆ ತಳ್ಳಿದ ಒಂದೊಂದು ಎಳೆಯೂ ಮುಂದೊಂದು ದಿನ ಹಗ್ಗವಾಗಿ ಕೊಳವೆಯನ್ನು ಕಟ್ಟುವುದು. ಮಿಂದ ನೀರನ್ನು ಶೌಚದ ಗುಂಡಿಗೆ ಬಿಡದೆ ಬೇರೆ ಮಾಡಿ, ಹಿತ್ತಿಲಿರುವವರು ಬಾಳೆಗೂ ತೆಂಗಿಗೂ ಹರಿಸುವುದು ಉತ್ತಮ. ಹೊಸದುರ್ಗದ ತೆಂಗಿನ ನಾಡಿಗೂ ಹೊಳಲ್ಕೆರೆಯ ಅಡಕೆಯ ನಾಡಿಗೂ ಇದು ಹೊಸ ಮಾತಲ್ಲ. ಆದರೆ ಆ ನೀರಿನಲ್ಲಿ ಆಮ್ಲವಾಗಲಿ ಬ್ಲೀಚಿಂಗ್ ಪುಡಿಯಾಗಲಿ ಬೆರೆತಿರಬಾರದು.

ಆಮ್ಲ ಮತ್ತು ಬ್ಲೀಚಿಂಗ್ ಪುಡಿಗಳ ಮಾತು ಬಂದುದರಿಂದ ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಬಚ್ಚಲನ್ನು ಬೇಗ ಬೆಳ್ಳಗಾಗಿಸಬೇಕೆಂಬ ಆತುರದಿಂದ ಕೆಲವರು ಅಂಗಡಿಯ ಆಸಿಡ್ಡನ್ನು ಸುರಿದು, ಅದರ ಮೇಲೆ ಬ್ಲೀಚಿಂಗ್ ಪುಡಿಯನ್ನೂ ಚೆಲ್ಲುವರು. ಇವೆರಡೂ ಕೂಡಿದೊಡನೆ ಕ್ಲೋರಿನ್ ಎಂಬ ವಿಷವಾಯುವು ಏಳುವುದು. 1915ರಲ್ಲಿ ಯೂರೋಪಿನ ಮಹಾಯುದ್ಧದ ರಣಾಂಗಣದಲ್ಲಿ ಸೈನಿಕರನ್ನು ಕೊಲ್ಲಲು ಉಪಯೋಗಿಸಿದ ವಾಯು ಇದೇ. ಕಿಟಕಿ ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಬಗ್ಗಿ ಕುಳಿತು ಉಜ್ಜುತ್ತಿರುವ ತಾಯಿಯ ಶ್ವಾಸಕೋಶಕ್ಕೆ ಅದು ಹೊಕ್ಕರೆ ಏನಾಗುವುದೆಂಬುದನ್ನು ಊಹಿಸಬಹುದು. ಮೂತ್ರದ ವಾಸನೆಯಿರುವ ಸ್ಥಳಕ್ಕೆ ನೀರು ಹೊಯ್ಯದೆ ಬ್ಲೀಚಿಂಗ್ ಪುಡಿಯನ್ನೆರಚುವುದೂ ಕಣ್ಣು ಗಂಟಲುಗಳನ್ನುರಿಸುವ ವಾಯುವನ್ನೆಬ್ಬಿಸುವುದು. ಆದುದರಿಂದ ಒಂದು ದಿನ ಒಂದೇ ವಸ್ತು, ಬಾಗಿಲು ಕಿಟಕಿಗಳು ತೆರೆದಿರಬೇಕು, ಕೈಗೆ ರಬ್ಬರಿನ ಚೀಲ ಇರಬೇಕು, ಸೀಸೆಯು ಮಕ್ಕಳ ಕೈಗೆ ಸಿಕ್ಕಬಾರದು ಎಂಬುದು ನಿಯಮವಾಗಲಿ. ಉಜ್ಜಿ ತೊಳೆದ ಮೇಲೆ ಹಾಕಿದ ಬ್ಲೀಚಿಂಗ್ ಪುಡಿ ಕ್ರಿಮಿಗಳನ್ನು ಕೊಲ್ಲುವುದು. ಕೊಳೆಯ ಮೇಲೆಯೇ ಹಾಕಿದುದು ಕೊಳೆಯೊಡನೆ ಹೋರಾಡಿಯೇ ಶಕ್ತಿಗುಂದುವುದು.

ಗ್ಯಾಸಿನಿಂದ ನೀರು ಕಾಯಿಸುವ ಗೀಜರನ್ನು ಬಚ್ಚಲಿನ ಒಳಗಿಡುವುದೂ ಹೀಗೆಯೇ ಅಪಾಯಕರ. ಮುಚ್ಚಿದ ಕೋಣೆಯಲ್ಲಿ ಉರಿಗೆ ಗಾಳಿ ಸಾಲದಾದಾಗ ಬಣ್ಣವೂ ವಾಸನೆಯೂ ಇಲ್ಲದ ವಿಷವಾಯು ಹುಟ್ಟುವುದು. ನೀರೊಲೆಯ ಹೊಗೆಯು ಕಣ್ಣನ್ನುರಿಸಿ ಮನುಷ್ಯನನ್ನು ಹೊರಗೆ ಓಡಿಸುತ್ತಿದ್ದಿತು. ಈ ವಾಯುವಾದರೋ ನಿದ್ರೆಯಂತೆ ಬಂದು ಕೊಲ್ಲುವುದು. ಅದನ್ನು ಹೊರಗೋಡೆಗೆ ಹಾಕಿಸಿ, ಬಿಸಿನೀರನ್ನು ಮಾತ್ರ ಕೊಳವೆಯಿಂದ ಒಳಗೆ ತರುವುದೇ ಕ್ಷೇಮ.

ಶೌಚದ ಗುಂಡಿಯ ವಿಚಾರವನ್ನು ಹೇಳದೆ ಈ ವಿಷಯವು ಪೂರ್ಣವಾಗದು. ಅದರೊಳಗೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಮಲವನ್ನು ಜೀರ್ಣಿಸುವ ಕಾಯಕವನ್ನು ಹಗಲಿರುಳೂ ಮಾಡುತ್ತಿರುವುವು. ಮೇಲಿನಿಂದ ಆಸಿಡ್ಡನ್ನು ಪದೇಪದೇ ಸುರಿದರೆ ಅವು ಸತ್ತು ಗುಂಡಿಯು ಬೇಗನೆ ತುಂಬುವುದು. ಕುಡಿಯುವ ನೀರಿನ ಬಾವಿಯಿಂದ 50 ಅಡಿಗಿಂತ ಹತ್ತಿರದಲ್ಲಿ ಇಂಗುಗುಂಡಿಯಿರಲಾಗದು. ಎರಡು ಮೂರು ವರ್ಷಕ್ಕೊಮ್ಮೆ ಹೀರುವ ಯಂತ್ರದ ವಾಹನವನ್ನು ಕರೆಯಿಸಿ ಗುಂಡಿಯನ್ನು ಬರಿದುಮಾಡಿಸಬೇಕು. ಯಾವ ಕಾರಣಕ್ಕೂ ಮನುಷ್ಯನನ್ನು ಅದರೊಳಗೆ ಇಳಿಸಲಾಗದು. ಒಳಗೆ ತುಂಬಿರುವ ವಿಷವಾಯುವಿಗೆ ಒಂದೆರಡು ಉಸಿರಿನಲ್ಲಿ ಪ್ರಾಣ ಹೋಗುವುದು. ಬಿದ್ದವನನ್ನು ಎತ್ತಲು ಇಳಿದವನೂ ಅಲ್ಲಿಯೇ ಉಳಿಯುವನು. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ ಕರ್ನಾಟಕದಲ್ಲಿ ಮಲವನ್ನು ತಲೆಯ ಮೇಲೆ ಹೊರಿಸುವ ಪದ್ಧತಿಯನ್ನು ನಿಷೇಧಿಸಲಾಯಿತು. 1993ರಲ್ಲಿಯೂ 2013ರಲ್ಲಿಯೂ ಸಂಸತ್ತಿನಲ್ಲಿ ಶಾಸನಗಳಾದುವು. ರಕ್ಷಣೆಯಿಲ್ಲದೆ ಗುಂಡಿಗೆ ಮನುಷ್ಯನನ್ನಿಳಿಸುವುದು ದಂಡನಾರ್ಹವಾದ ಅಪರಾಧ. ಕಾನೂನಿನ ಭಯವು ಹಾಗಿರಲಿ. ಜಾತಿಸೂತಕವಿಲ್ಲವೆಂದು ಬಾಯಲ್ಲಿ ಹೇಳಿ, ತನ್ನ ಮನೆಯ ಗುಂಡಿಗೆ ಮತ್ತೊಬ್ಬರ ಮಗನನ್ನು ಇಳಿಸುವವನ ಕೊರಳಿನ ಲಿಂಗವು ಅವನಿಗೆ ಏನು ಹೇಳೀತು?

ಒಂದು ಮನೆಯ ಕೊಳೆಯು ಆ ಮನೆಯಲ್ಲಿಯೇ ನಿಲ್ಲುವುದಿಲ್ಲ. 2023ರ ಆಗಸ್ಟ್ ಮೊದಲ ವಾರದ ಸುಮಾರಿಗೆ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತವಾದ ನೀರನ್ನು ಕುಡಿದು ಬಹುಜನರು ವಾಂತಿಭೇದಿಯಿಂದ ನರಳಿದರು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಕೋಟೆಯ ಹೊಂಡಗಳ ಜಾಣ್ಮೆಗೆ ಹೆಸರಾದ ಊರಿನಲ್ಲಿ, ಈ ಕಾಲದಲ್ಲಿ, ನೀರೇ ಮೃತ್ಯುವಾಗಿ ಬಂದಿತೆಂಬುದನ್ನು ನೆನೆದರೆ ಯಾರ ಹೃದಯ ಮರುಗದು? ನೀರಿನ ಕೊಳವೆಯೂ ಚರಂಡಿಯೂ ಅಕ್ಕಪಕ್ಕದಲ್ಲಿ ಹಾಯುವ ಬೀದಿಗಳು ಎಲ್ಲ ಊರುಗಳಲ್ಲಿಯೂ ಇವೆ. ನೀರು ಬಿಡದ ಹೊತ್ತಿನಲ್ಲಿ ಕೊಳವೆಯೊಳಗೆ ಒತ್ತಡವಿರುವುದಿಲ್ಲ. ಆಗ ಬಿರುಕಿನ ಮೂಲಕ ಸುತ್ತಲಿನ ಕೊಚ್ಚೆಯು ಒಳಗೆ ಸೇರುವುದು. ಆದುದರಿಂದ ಬಚ್ಚಲಿನ ನೀರನ್ನು ಬೀದಿಗೆ ಬಿಟ್ಟು ಬಾಗಿಲು ಹಾಕಿಕೊಳ್ಳುವುದು ಶುಚಿಯಲ್ಲ. ತನ್ನ ಮನೆಯ ಕೊಳೆಯನ್ನು ನೆರೆಯ ಮನೆಯ ಕೊಡಕ್ಕೆ ಕಳುಹಿಸಿದಂತೆಯೇ ಅದು. ನಲ್ಲಿಯ ನೀರು ಬಣ್ಣಗೆಟ್ಟರೆ ಅಥವಾ ನಾರಿದರೆ ಕುಡಿಯುವುದನ್ನು ಕೂಡಲೇ ನಿಲ್ಲಿಸಿ, ಕುದಿಸಿ ಆರಿಸಿದ ಬೇರೆ ನೀರನ್ನು ಬಳಸಿ, ಊರಿನ ಆಡಳಿತಕ್ಕೆ ತಿಳಿಸತಕ್ಕುದು. ಶೌಚಕ್ಕೆ ಹೋಗಿ ಬಂದ ಕೈಯನ್ನು ಸಾಬೂನಿನಿಂದ ತೊಳೆಯುವುದು, ಬಚ್ಚಲಿನ ತಂಬಿಗೆಯನ್ನು ಕುಡಿಯುವ ನೀರಿಗೆ ಅದ್ದದಿರುವುದು ಇವನ್ನು ಮಕ್ಕಳಿಗೆ ಅಕ್ಷರಾಭ್ಯಾಸಕ್ಕೂ ಮೊದಲು ಕಲಿಸಬೇಕು.

ಕಡೆಯದಾಗಿ, ಈ ಕೆಲಸವನ್ನು ಮಾಡತಕ್ಕವರು ಯಾರು? ಬಹುತೇಕ ಮನೆಗಳಲ್ಲಿ ಉತ್ತರವು ಒಂದೇ: ತಾಯಿ, ಇಲ್ಲವೇ ಸೊಸೆ, ಇಲ್ಲವೇ ಕೂಲಿಗೆ ಬರುವ ಹೆಣ್ಣುಮಗಳು. ಮೀಯುವವರು ಎಲ್ಲರೂ, ತೊಳೆಯುವವರು ಒಬ್ಬರೇ. 1901ರಲ್ಲಿ ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನಕ್ಕೆ ಹೋದ ಗಾಂಧೀಜಿಯವರು ಅಲ್ಲಿನ ಶೌಚಗೃಹಗಳ ಹೊಲಸನ್ನು ಸ್ವಯಂಸೇವಕರಿಗೆ ತೋರಿಸಿದಾಗ, ಅದು ತಮ್ಮ ಕೆಲಸವಲ್ಲವೆಂಬ ಉತ್ತರ ಬಂದಿತು. ಅವರು ಕಸಬರಿಗೆಯನ್ನು ಕೇಳಿ ಪಡೆದು ತಾವೇ ತೊಳೆದರು. ಮುಂದೆ ಅವರ ಆಶ್ರಮಗಳಲ್ಲಿ ಅದು ಎಲ್ಲರ ಸರದಿಯ ಕೆಲಸವಾಯಿತು. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ಶತಮಾನಗಳ ಹಿಂದೆಯೇ ಸಾರಿದ ಪರಂಪರೆಯ ಭಕ್ತರು ಇದನ್ನು ಹೊರಗಿನವರಿಂದ ಕಲಿಯಬೇಕಾಗಿ ಬಂದುದಾದರೆ ಅದು ಚಿಂತಿಸತಕ್ಕ ವಿಷಯ.

ಆದುದರಿಂದ ಪ್ರತಿಯೊಂದು ಭಕ್ತಗೃಹದಲ್ಲಿಯೂ ಸರಳವಾದ ಒಂದು ಕಟ್ಟಳೆ ಇರಲಿ. ದಿನವೂ, ಮಿಂದವನೇ ನೆಲದ ನೀರನ್ನು ತಳ್ಳಿ, ಜಾಲರಿಯ ಕೂದಲನ್ನು ತೆಗೆದು, ಕಿಟಕಿಯನ್ನು ತೆರೆದು ಹೊರಬರಲಿ. ವಾರಕ್ಕೆರಡು ಸಲ ನೆಲವನ್ನುಜ್ಜುವುದೂ, ವಾರಕ್ಕೊಮ್ಮೆ ತೊಟ್ಟಿಯನ್ನು ತಿಕ್ಕುವುದೂ, ಶೌಚದ ಬೋಗುಣಿಯನ್ನು ತೊಳೆಯುವುದೂ ಮನೆಯ ಗಂಡಸರು ಹೆಂಗಸರೆಲ್ಲರಿಗೂ ಸರದಿಯಿಂದ ಬರಲಿ. ಸೋಮವಾರದ ಪೂಜೆಗೆ ಮುಂಚಿನ ಭಾನುವಾರವು ಇದಕ್ಕೆ ಅನುಕೂಲವಾದ ದಿನ. ತಿಂಗಳಿಗೊಮ್ಮೆ ನಲ್ಲಿಯ ಕಲೆಯನ್ನು ಹುಳಿಯಿಂದ ಬಿಡಿಸಿ, ಸೋರುವ ನಲ್ಲಿಯಿದ್ದರೆ ವಾಷರನ್ನು ಬದಲಿಸಲಿ. ತೊಟ್ಟಿಕ್ಕುವ ಒಂದು ನಲ್ಲಿಯು ರಾತ್ರಿ ಬೆಳಗಾಗುವುದರೊಳಗೆ ಬಕೀಟುಗಟ್ಟಲೆ ನೀರನ್ನು ಕಳೆಯುವುದು. ಕೂಲಿಯವರಿಂದ ಮಾಡಿಸುವವರು ಅವರಿಗೆ ತಕ್ಕ ಸಂಬಳವನ್ನೂ ಕೈಚೀಲವನ್ನೂ ಕೊಟ್ಟು, ಕೆಲಸವಾದ ಮೇಲೆ ಮನೆಯೊಳಗೇ ಕೂಡಿಸಿ, ಮನೆಯವರು ಕುಡಿಯುವ ಲೋಟದಲ್ಲಿಯೇ ನೀರು ಕೊಡಲಿ. ಆ ಲೋಟವನ್ನು ಬೇರೆ ಇಡುವ ಮನೆಯಲ್ಲಿ ಬಚ್ಚಲು ಎಷ್ಟೇ ಹೊಳೆಯುತ್ತಿದ್ದರೂ ಸೂತಕವು ಹೋಗಲಿಲ್ಲವೆಂದೇ ತಿಳಿಯಬೇಕು.

ಮಠದ ದಾಸೋಹದಲ್ಲಿ ಎಲೆ ಎತ್ತುವುದನ್ನೂ ಪಾತ್ರೆ ಬೆಳಗುವುದನ್ನೂ ಸೇವೆಯೆಂದು ಶ್ರೀಮಂತರೂ ಮುಂದೆ ಬಂದು ಮಾಡುವರು. ಆ ಸೇವಾಬುದ್ಧಿಯು ಮಠದ ಬಾಗಿಲಿನಲ್ಲಿಯೇ ನಿಲ್ಲದೆ ಮನೆಯ ಬಚ್ಚಲಿನವರೆಗೂ ನಡೆದು ಬಂದರೆ, ಬಿದ್ದು ನರಳುವ ವೃದ್ಧರು ಕಡಿಮೆಯಾಗುವರು, ಜ್ವರದಲ್ಲಿ ಬೇಯುವ ಮಕ್ಕಳು ಕಡಿಮೆಯಾಗುವರು, ಒಬ್ಬಳೇ ದುಡಿದು ದಣಿಯುವ ತಾಯಿಯ ಬೆನ್ನು ಸ್ವಲ್ಪ ನೆಟ್ಟಗಾಗುವುದು. ಈ ಮಹೋತ್ಸವದ ಪ್ರಸಾದವನ್ನು ಸ್ವೀಕರಿಸಿ ಊರುಗಳಿಗೆ ಮರಳುವ ಭಕ್ತರಲ್ಲಿ ಪ್ರತಿಯೊಬ್ಬರೂ ಮರುದಿನದ ಬೆಳಗಿನಲ್ಲಿ, ಪೂಜೆಗೆ ಕೂರುವ ಮುನ್ನ, ತಾವು ಮಿಂದ ನೆಲವನ್ನು ತಮ್ಮ ಕೈಯಾರೆ ತೊಳೆಯುವುದಾದರೆ ಶ್ರೀಗುರುವಿನ ಕೃಪೆಯು ಆ ಮನೆಯ ಮೇಲೆ ಪೂರ್ಣವಾಗಿ ಇರುವುದರಲ್ಲಿ ಸಂಶಯವಿಲ್ಲ.